ಅಂಗಳದ ಅಕ್ಕಿಯೂ ಸಂಘದ ಹಣವೂ

ಕಲ್ಯಾಣದ ಶಿವಶರಣರಲ್ಲಿ ಆಯ್ದಕ್ಕಿ ಮಾರಯ್ಯನವರೂ ಅವರ ಧರ್ಮಪತ್ನಿ ಲಕ್ಕಮ್ಮನವರೂ ರಾಯಚೂರು ಸೀಮೆಯ ಭಕ್ತರಿಗೆ ಹೊರಗಿನವರಲ್ಲ. ಈಗಿನ ಲಿಂಗಸುಗೂರು ತಾಲೂಕಿನ ಅಮರೇಶ್ವರವೇ ಅವರ ಮೂಲಸ್ಥಾನವೆಂದು ಪರಂಪರೆ ಹೇಳುತ್ತದೆ. ಅವರ ವಚನಗಳ ಅಂಕಿತದಲ್ಲಿಯೂ ಆ ಅಮರೇಶ್ವರನ ಹೆಸರೇ ನಿಂತಿದೆ. ಕಲ್ಯಾಣಕ್ಕೆ ಬಂದ ಮೇಲೆ ಮಾರಯ್ಯನವರು ಕೈಕೊಂಡ ಕಾಯಕವೆಂದರೆ, ಮಹಾಮನೆಯ ಅಂಗಳದಲ್ಲಿ ಚೆಲ್ಲಿಬಿದ್ದ ಅಕ್ಕಿಯನ್ನು ಆಯ್ದು ತರುವುದು. ಆ ಅಕ್ಕಿಯಿಂದಲೇ ಮನೆಯ ಜಂಗಮದಾಸೋಹವು ನಡೆಯಬೇಕು. ಒಂದು ದಿನ ತಂದ ಅಕ್ಕಿಯು ನಿತ್ಯದ ಅಳತೆಯನ್ನು ಮೀರಿದ್ದಿತು. ಲಕ್ಕಮ್ಮನವರು ಅದನ್ನು ನೋಡಿದೊಡನೆಯೇ ಅರಿತು, ಹೆಚ್ಚಿನದನ್ನು ತಂದ ಸ್ಥಳದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಿರುಗಿಸಿ ಕಳುಹಿದರು.

ಪ್ರವಚನಗಳಲ್ಲಿ ಈ ಕಥೆಯನ್ನು ನಿರಾಸೆಗೆ ದೃಷ್ಟಾಂತವಾಗಿ ಹೇಳುವುದು ವಾಡಿಕೆ. ಅದು ಸರಿಯಾದುದೇ. ಆದರೆ ಸದ್ಭಕ್ತರು ಇಲ್ಲಿ ಇನ್ನೂ ಒಂದನ್ನು ಗಮನಿಸಬೇಕಾಗಿದೆ. ಲಕ್ಕಮ್ಮನವರಿಗೆ ಲೆಕ್ಕ ತಿಳಿದಿದ್ದಿತು. ಮನೆಗೆ ಎಷ್ಟು ಬೇಕು, ಕೈ ಎಷ್ಟು ದುಡಿಯಬಲ್ಲುದು, ಅದನ್ನು ಮೀರಿ ಬಂದುದು ಯಾರದು, ನಾಳೆ ಅದು ಯಾವ ಹಂಗನ್ನು ತರುವುದು, ಇವೆಲ್ಲವೂ ಆ ತಾಯಿಗೆ ಹಿಡಿ ಅಕ್ಕಿಯ ತೂಕದಲ್ಲಿ ಗೋಚರಿಸಿದುವು. ಬಡ ಹೆಂಗಸಿಗೆ ಹಣದ ವಿವೇಕವಿಲ್ಲವೆಂದು ಇಂದಿಗೂ ಎಣಿಸುವ ಗೃಹಸ್ಥರು ಅನೇಕರಿದ್ದಾರೆ. ಲೆಕ್ಕ ತಿಳಿದ ಇಂತಹ ಸ್ತ್ರೀಯರ ಕೈಗೆ ಹಣದ ಚೀಲ ಬಂದರೆ ಏನಾಗುವುದೆಂಬುದನ್ನು ಅದೇ ಸೀಮೆಯ ದೇವದುರ್ಗ, ಮಾನ್ವಿಗಳಲ್ಲಿ ನೋಡಬಹುದು.

ಕೃಷ್ಣೆಗೂ ತುಂಗಭದ್ರೆಗೂ ನಡುವೆ ಇರುವ ಈ ನಾಡು ಹೆಸರಿಗೆ ಎರಡು ನದಿಗಳ ನಾಡು. ಎರಡೂ ಕಡೆಯಿಂದ ಕಾಲುವೆಗಳೂ ಬಂದಿವೆ. ಆದರೂ ಕಾಲುವೆಯ ಕೊನೆಯಂಚಿನ ಹೊಲಕ್ಕೆ ನೀರು ಮುಟ್ಟುವುದು ದೈವಾಧೀನ. ಮಳೆಯನ್ನೇ ನಂಬಿದ ಎರೆಹೊಲಕ್ಕೆ ಜೋಳ, ಹತ್ತಿಗಳೇ ಗತಿ. 1948 ರ ವರೆಗೆ ಈ ಪ್ರದೇಶವು ನಿಜಾಮರ ಆಳಿಕೆಯಲ್ಲಿದ್ದಿತು. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002 ರಲ್ಲಿ ರಾಜ್ಯದ ತಾಲೂಕುಗಳನ್ನು ಅಳೆದು ನೋಡಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲೂಕುಗಳಲ್ಲಿ ದೇವದುರ್ಗ, ಮಾನ್ವಿಗಳೆರಡೂ ಸೇರಿದ್ದುವು. ಸುಗ್ಗಿ ಮುಗಿದೊಡನೆ ಕೂಲಿಯ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ರಾಯಚೂರು ನಿಲ್ದಾಣದಲ್ಲಿ ಬೆಂಗಳೂರಿನ ಕಡೆಗೋ ಪುಣೆಯ ಕಡೆಗೋ ಗಾಡಿ ಕಾಯುವುದನ್ನು ನೋಡದವರಿಲ್ಲ.

ಅಂತಹ ಮನೆಯಲ್ಲಿ ಸಾಲವು ಹುಟ್ಟುವುದು ವಿಲಾಸದಿಂದಲ್ಲ. ಮಗುವಿಗೆ ಜ್ವರ ಬಂದುದು, ಬಿತ್ತನೆಯ ಬೀಜ, ಹೆಣ್ಣುಮಗಳ ಬಾಣಂತನ, ಆಷಾಢದ ಖಾಲಿ ಮಡಕೆ: ಇವೇ ಸಾಲದ ಮೂಲಗಳು. ಹಿಂದೆ ಈ ಸಾಲಕ್ಕೆ ಒತ್ತೆಯಾಗಿ ಮನುಷ್ಯನೇ ನಿಲ್ಲುತ್ತಿದ್ದನು. ಅದಕ್ಕೆ ಜೀತವೆಂದು ಹೆಸರು. 1976 ರಲ್ಲಿ ಜೀತಪದ್ಧತಿಯನ್ನು ಕಾಯಿದೆಯಿಂದ ರದ್ದುಗೊಳಿಸಲಾಯಿತು. ಅದೇ ವರ್ಷ ದೇವರಾಜ ಅರಸರ ಸರಕಾರವು ಬಡವರ ಋಣಪರಿಹಾರಕ್ಕೂ ಶಾಸನ ಮಾಡಿತು. ಇವು ದೊಡ್ಡ ಕಾರ್ಯಗಳೇ. ಆದರೆ ಕಾಯಿದೆಯು ಹಳೆಯ ಸಾಲವನ್ನು ಅಳಿಸಬಲ್ಲುದೇ ಹೊರತು ಬರುವ ಆಷಾಢಕ್ಕೆ ಬೇಕಾಗುವ ಎರಡು ಸಾವಿರ ರೂಪಾಯಿಗಳನ್ನು ತಂದು ಕೊಡಲಾರದು. ಸಹಕಾರ ಸಂಘಗಳೂ ಈ ನಾಡಿಗೆ ಹೊಸವಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905 ರಲ್ಲಿಯೇ ಕೃಷಿ ಪತ್ತಿನ ಸಹಕಾರಕ್ಕೆ ತಳಹದಿ ಹಾಕಿದರು. ಆದರೆ ಪತ್ತು ಎಂಬುದು ಬಹುಮಟ್ಟಿಗೆ ಭೂಮಿಯ ಪಹಣಿಯನ್ನು ಅನುಸರಿಸಿ ನಡೆಯುವುದು. ಪಹಣಿಯಲ್ಲಿ ಹೆಸರಿಲ್ಲದ ಹೆಂಗಸು ಆ ಬಾಗಿಲಿನ ಹೊರಗೇ ಉಳಿದಳು.

ಆ ಹೊರಗುಳಿದವಳಿಗೆ ದಾರಿ ತೋರಿದ ಪ್ರಯತ್ನವು ಕರ್ನಾಟಕದ ನೆಲದಲ್ಲಿಯೇ ಹುಟ್ಟಿತೆಂಬುದು ಅನೇಕರಿಗೆ ತಿಳಿಯದು. ಮೈರಾಡ ಎಂಬ ಸಂಸ್ಥೆಯು ಕೆಲಸಮಾಡುತ್ತಿದ್ದ ಕಡೆಗಳಲ್ಲಿ 1980 ರ ದಶಕದ ನಡುವೆ ದೊಡ್ಡ ಸಹಕಾರ ಸಂಘಗಳು ಒಡೆದುಹೋದಾಗ, ಪರಸ್ಪರ ನಂಬಿಕೆಯುಳ್ಳವರು ಹತ್ತು ಹದಿನೈದು ಮಂದಿ ತಾವೇ ಚಿಕ್ಕ ಗುಂಪುಗಳಾಗಿ ಕೂಡಿಕೊಂಡರು. 1987 ರಲ್ಲಿ ನಬಾರ್ಡ್ ಬ್ಯಾಂಕು ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿಗಳ ನೆರವಿತ್ತಿತು. 1992 ರಲ್ಲಿ ಅದೇ ಬ್ಯಾಂಕು 500 ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಯೋಜನೆಯನ್ನು ದೇಶದಲ್ಲಿ ಆರಂಭಿಸಿತು. 2000 ದಲ್ಲಿ ರಾಜ್ಯ ಸರಕಾರದ ಸ್ತ್ರೀಶಕ್ತಿ ಯೋಜನೆ ಬಂದಿತು. 2011 ರಲ್ಲಿ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನವು ಹೊರಟು ಕರ್ನಾಟಕದಲ್ಲಿ ಸಂಜೀವಿನಿ ಎಂಬ ಹೆಸರನ್ನು ತಳೆಯಿತು. 2018 ರಲ್ಲಿ ಸರಕಾರವು ಇಂತಹ ಸಂಘಗಳಿಗೆ ಸಾಲ ನೀಡುವ ಒಂದು ಯೋಜನೆಗೆ ಕಾಯಕವೆಂಬ ಹೆಸರನ್ನೇ ಇಟ್ಟಿತು. ಶರಣರ ಮಾತು ಸರಕಾರದ ಕಡತದಲ್ಲಿ ಕುಳಿತುದು ಸಂತೋಷವೇ. ಕಡತದಿಂದ ಎದ್ದು ನಡೆದರೆ ಇನ್ನೂ ಸಂತೋಷ.

ಸಂಘವು ನಡೆಯುವ ಬಗೆಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. ದೇವದುರ್ಗದ ಕಡೆಯ ಯಾವುದೋ ಹಳ್ಳಿಯಲ್ಲಿ ಹದಿನೈದು ಮಂದಿ ಕೂಲಿ ಹೆಂಗಸರು ವಾರಕ್ಕೆ ತಲೆಗೆ 10 ರೂಪಾಯಿಗಳನ್ನು ತೆಗೆದಿಡುವರೆಂದು ಇಟ್ಟುಕೊಳ್ಳೋಣ. ವಾರಕ್ಕೆ 150 ಆಯಿತು, ವರ್ಷಕ್ಕೆ 7,800. ಇವರಲ್ಲಿ ಒಬ್ಬಳು 2,000 ರೂಪಾಯಿಗಳನ್ನು ನೂರಕ್ಕೆ ತಿಂಗಳಿಗೆ ಎರಡರಂತೆ ಎತ್ತಿದರೆ ತಿಂಗಳ ಬಡ್ಡಿ 40. ಅಷ್ಟನ್ನೇ ಊರ ಸಾಹುಕಾರನಲ್ಲಿ ನೂರಕ್ಕೆ ಐದರಂತೆ ಎತ್ತಿದರೆ 100. ಆದರೆ ವ್ಯತ್ಯಾಸವಿರುವುದು ಕೇವಲ 60 ರೂಪಾಯಿಗಳಲ್ಲಿ ಅಲ್ಲ. ಸಾಹುಕಾರನಿಗೆ ಹೋದ ನೂರು ಅವಳಿಗೆ ಹೋಯಿತೆಂದೇ ಲೆಕ್ಕ. ಸಂಘಕ್ಕೆ ಕೊಟ್ಟ ನಲವತ್ತು ಹದಿನೈದು ಮಂದಿಯ ಗಂಟಿಗೇ ಮರಳಿ ಬೀಳುವುದು. ಅದರಲ್ಲಿ ಅವಳ ಪಾಲೂ ಇರುವುದು. ಬಡ್ಡಿಯೆಂಬುದು ವೃದ್ಧಿಯೆಂಬ ಸಂಸ್ಕೃತ ಶಬ್ದದ ತದ್ಭವವಷ್ಟೆ. ಯಾರ ವೃದ್ಧಿ ಎಂಬ ಪ್ರಶ್ನೆಯನ್ನು ಶಬ್ದವು ಹೇಳುವುದಿಲ್ಲ. ಅದನ್ನು ಕೇಳಿ ತಿಳಿಯಬೇಕು.

ನಿಯಮದಂತೆ ಸಭೆ ಸೇರುವುದು, ನಿಯಮದಂತೆ ಉಳಿಸುವುದು, ಒಳಗೊಳಗೆ ಸಾಲ ಕೊಡುವುದು, ಕಾಲಕ್ಕೆ ತೀರಿಸುವುದು, ಲೆಕ್ಕ ಬರೆದಿಡುವುದು, ಈ ಐದನ್ನು ಸಂಘಗಳವರು ಪಂಚಸೂತ್ರವೆಂದು ಕರೆಯುತ್ತಾರೆ. ಪಂಚಾಚಾರಗಳನ್ನು ಬಾಯಿಪಾಠ ಹೇಳುವ ಗೃಹಸ್ಥರು ಈ ಐದರಲ್ಲಿ ಎಷ್ಟನ್ನು ಪಾಲಿಸುತ್ತಾರೆಂಬುದು ಬೇರೆಯ ಮಾತು. ಸಭೆಯಲ್ಲಿ ಪುಸ್ತಕವನ್ನು ಗಟ್ಟಿಯಾಗಿ ಓದುವರು. ಅಕ್ಷರ ಬಾರದವಳೂ ಕಿವಿಯಿಂದ ತನ್ನ ಖಾತೆಯನ್ನು ಕಾಯುವಳು. ಹೀಗೆ ಆರು ತಿಂಗಳು ಕ್ರಮವಾಗಿ ನಡೆದ ಸಂಘಕ್ಕೆ ಬ್ಯಾಂಕು ಒತ್ತೆಯಿಲ್ಲದೆ ಸಾಲ ಕೊಡುವುದಕ್ಕೆ ಮುಂದೆ ಬರುವುದು. ಪಹಣಿಯ ಸ್ಥಾನದಲ್ಲಿ ಈಗ ನಡತೆಯೇ ಒತ್ತೆಯಾಗಿ ನಿಂತಿತು.

ದೇವದುರ್ಗ ತಾಲೂಕಿನಲ್ಲಿ ಸಮೂಹವೆಂಬ ಸಂಸ್ಥೆಯು 1980 ರ ದಶಕದ ಉತ್ತರಾರ್ಧದಿಂದಲೇ ಬಡವರ ನಡುವೆ ಕೆಲಸ ಮಾಡಿತು. ಮಾನ್ವಿ ತಾಲೂಕಿನ ಪೋತ್ನಾಳದಲ್ಲಿ ದಲಿತ ಕೂಲಿ ಹೆಂಗಸರು ಜಾಗೃತ ಮಹಿಳಾ ಸಂಘಟನೆಯೆಂದು ಒಂದುಗೂಡಿದರು. ಅವರು ಹಣವನ್ನು ಕೂಡಿಸಿ ಹಂಚುವುದಕ್ಕೇ ನಿಲ್ಲಲಿಲ್ಲ. ಬೇವಿನ ಬೀಜದಿಂದ ಗೊಬ್ಬರ, ಗಿಡಮೂಲಿಕೆಯ ಔಷಧಿ, ಸುಟ್ಟ ಮಣ್ಣಿನ ಆಭರಣಗಳು ಇವುಗಳನ್ನು ತಯಾರಿಸಿ ಮಾರಿದರು. ಕೂಲಿಗಾಗಿಯೂ ಮರ್ಯಾದೆಗಾಗಿಯೂ ಬಾಯಿ ತೆರೆದು ಕೇಳಿದರು. ದುಡಿಮೆಗೆ ಹೋಗುತ್ತಿದ್ದ ಮಕ್ಕಳಿಗೆ ಚಿಲಿಪಿಲಿ ಎಂಬ ಶಾಲೆಯನ್ನು ತೆರೆದರು. ಯಾರ ಕೈಯಿಂದ ಊರು ನೀರನ್ನೂ ಮುಟ್ಟುತ್ತಿರಲಿಲ್ಲವೋ ಅವರ ಕೈಯಿಂದ ಹೊರಟ ಮಣ್ಣಿನ ಹಾರವು ದೂರದ ನಗರಗಳಲ್ಲಿ ಕೊರಳನ್ನು ಸೇರಿತು. ಕಾಯಕವೆಂಬ ಮಾತಿಗೆ ಭಾಷ್ಯ ಬರೆಯಬೇಕೆನ್ನುವವರು ಮೊದಲು ಪೋತ್ನಾಳಕ್ಕೆ ಹೋಗಿ ಬರುವುದು ಲೇಸು.

ಇಲ್ಲಿ ಒಂದು ಸಂಕೋಚದ ವಿಷಯವನ್ನೂ ಹೇಳಬೇಕಾಗಿದೆ. ಬಸವಣ್ಣನವರ ಹೆಸರನ್ನೋ ಅಕ್ಕಮಹಾದೇವಿಯವರ ಹೆಸರನ್ನೋ ಇಟ್ಟುಕೊಂಡ ಸಂಘವು ಊರ ಒಂದೇ ಓಣಿಯ ಸಂಘವಾಗಿ, ಆಚೆಯ ಕೇರಿಯವರದು ಬೇರೆಯ ಸಂಘವಾಗಿ, ಎರಡೂ ಒಂದೇ ಜಮಖಾನೆಯ ಮೇಲೆ ಕೂಡದೆ ಇರುವುದಾದರೆ, ಫಲಕದಲ್ಲಿ ಬರೆದ ಹೆಸರಿಗೆ ಅದು ಒಪ್ಪುವ ನಡತೆಯಲ್ಲ.

ಈ ಸಂಘಗಳಿಂದ ದಾರಿದ್ರ್ಯವು ಅಳಿಯಿತೇ? ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿಗೂ ಅದನ್ನು ಸ್ಥಾಪಿಸಿದ ಮಹಮ್ಮದ್ ಯೂನುಸರಿಗೂ 2006 ರಲ್ಲಿ ನೊಬೆಲ್ ಶಾಂತಿ ಪಾರಿತೋಷಕವು ದೊರೆತಾಗ, ಕಿರುಸಾಲವು ಬಡತನಕ್ಕೆ ಸಂಜೀವಿನಿಯೆಂದೇ ಲೋಕವು ನಂಬಿತು. ರಾಯಚೂರಿಗೆ ಸಮೀಪವಾದ ಹೈದರಾಬಾದಿನಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದ ಅರ್ಥಶಾಸ್ತ್ರಜ್ಞರು ಒಂದು ಕಂಪನಿಯ ಕಿರುಸಾಲವನ್ನು ಪರೀಕ್ಷಿಸಿ 2015 ರಲ್ಲಿ ಪ್ರಕಟಿಸಿದ ಅಧ್ಯಯನವು ಅಷ್ಟನ್ನು ಹೇಳಲಿಲ್ಲ. ಮೊದಲೇ ವ್ಯಾಪಾರವಿದ್ದವರು ಅದಕ್ಕೆ ಸ್ವಲ್ಪ ಬಂಡವಾಳವನ್ನು ಹೆಚ್ಚಿಸಿಕೊಂಡರು. ಆದರೆ ಮನೆಯ ಒಟ್ಟು ವೆಚ್ಚದಲ್ಲಾಗಲಿ, ಮಕ್ಕಳ ವಿದ್ಯೆಯಲ್ಲಾಗಲಿ, ಆರೋಗ್ಯದಲ್ಲಾಗಲಿ ಗಣನೀಯವಾದ ಮಾರ್ಪಾಡು ಕಾಣಲಿಲ್ಲ. ಸಾಲವು ಕಾಯಕಕ್ಕೆ ಊರುಗೋಲಾಗಬಹುದೇ ಹೊರತು ತಾನೇ ಕಾಯಕವಾಗಲಾರದು. ನೀರಿಲ್ಲದ ಹೊಲ, ಸರಿಯಾದ ಕೂಲಿಯಿಲ್ಲದ ದುಡಿಮೆ, ವೈದ್ಯನಿಲ್ಲದ ಹಳ್ಳಿ, ಇವುಗಳಿಗೆ ಸಾಲವನ್ನು ಮದ್ದಾಗಿ ಕೊಟ್ಟರೆ ರೋಗವು ಉಳಿದು ಸಾಲವೂ ಉಳಿಯುವುದು.

ಇದಕ್ಕಿಂತ ಘೋರವಾದುದೂ ನಡೆದಿದೆ. ಸಂಘದ ರೂಪವನ್ನು ಮಾತ್ರ ಎರವಲು ಪಡೆದ ಕಂಪನಿಗಳು ಹಳ್ಳಿಹಳ್ಳಿಗೆ ಬಂದುವು. ಇವರ ಗುಂಪಿನಲ್ಲಿ ಮೊದಲು ಉಳಿತಾಯವಿಲ್ಲ, ಮೊದಲೇ ಸಾಲ. ಒಬ್ಬಳು ಕಂತು ತಪ್ಪಿದರೆ ಉಳಿದವರು ತುಂಬಬೇಕು. ಸಂಘದಲ್ಲಿ ಸಾಕ್ಷಿಯಾಗಿದ್ದ ನೆರೆಯವಳು ಇಲ್ಲಿ ಜಪ್ತಿಯ ಜವಾನಳಾದಳು. ಒಂದು ಕಂಪನಿಯ ಕಂತಿಗೆ ಇನ್ನೊಂದರಿಂದ ಎತ್ತಿ, ಎರಡನೆಯದಕ್ಕೆ ಮೂರನೆಯದರಿಂದ ಎತ್ತಿ, ಬಾಗಿಲಿಗೆ ಬಂದವನ ಕೂಗಿಗೆ ಅಂಜಿ ಊರು ಬಿಟ್ಟವರುಂಟು, ಪ್ರಾಣ ಬಿಟ್ಟವರೂ ಉಂಟು. 2010 ರಲ್ಲಿ ಆಂಧ್ರಪ್ರದೇಶದಲ್ಲಿ ಇದು ಎಷ್ಟು ಕೆಟ್ಟಿತೆಂದರೆ ಸರಕಾರವು ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಹದಿನೈದು ವರ್ಷಗಳಾಗುವುದರೊಳಗೆ ಕರ್ನಾಟಕಕ್ಕೂ ಅದೇ ಗತಿ ಬಂದಿತು. 2025 ರ ಫೆಬ್ರವರಿಯಲ್ಲಿ ಹೊರಟ ಸುಗ್ರೀವಾಜ್ಞೆಯು, ಬಲಾತ್ಕಾರದಿಂದ ವಸೂಲು ಮಾಡುವವರಿಗೆ ಹತ್ತು ವರ್ಷಗಳ ವರೆಗೆ ಸೆರೆಯನ್ನೂ 5 ಲಕ್ಷ ರೂಪಾಯಿಗಳ ವರೆಗೆ ದಂಡವನ್ನೂ ವಿಧಿಸಿತು. ಕಂಪನಿಗಳೆಲ್ಲವೂ ಕೆಟ್ಟವೆಂದು ಹೇಳಿದರೆ ಅನ್ಯಾಯವಾದೀತು. ಅವು ಬಾರದೆ ಇದ್ದಿದ್ದರೆ ಅನೇಕರಿಗೆ ನೂರಕ್ಕೆ ಐದರ ಸಾಹುಕಾರನೇ ಗತಿಯಾಗುತ್ತಿದ್ದನು. ರಿಸರ್ವ್ ಬ್ಯಾಂಕು 2022 ರಲ್ಲಿ ಒಂದು ಅಳತೆಯನ್ನು ಗೊತ್ತುಮಾಡಿದೆ: ಯಾವ ಬಡಮನೆಯ ಎಲ್ಲ ಸಾಲಗಳ ಕಂತುಗಳೂ ಕೂಡಿ ಆ ಮನೆಯ ತಿಂಗಳ ಉತ್ಪನ್ನದ ಅರ್ಧವನ್ನು ಮೀರಕೂಡದು. ಕೊಡುವವನು ಅಳೆಯಬೇಕಾದ ಅಳತೆಯಿದು. ಅವನು ಅಳೆಯದೆ ಹೋದ ಕಡೆ, ತೆಗೆದುಕೊಳ್ಳುವವಳಾದರೂ ಲಕ್ಕಮ್ಮನವರಂತೆ, ಅಂಗಳದಲ್ಲಿ ಹೆಚ್ಚಾಗಿ ಚೆಲ್ಲಿದ ಅಕ್ಕಿಯನ್ನು ನೋಡಿ, ಇದು ಬೇಡವೆನ್ನಬೇಕಾಗಿದೆ. ಆದರೆ ಹಸಿದವಳಿಗೆ ಈ ಮಾತನ್ನು ಉಪದೇಶಿಸುವುದು ಸುಲಭವಲ್ಲ, ಯೋಗ್ಯವೂ ಅಲ್ಲ. ಹದಿನೈದು ಮಂದಿ ಜೊತೆಗಿದ್ದರೆ ಬೇಡವೆನ್ನುವ ಬಲ ಬರುವುದು. ಸಂಘದ ಮುಖ್ಯ ಪ್ರಯೋಜನವು ಇದೇ ಇರಬಹುದು.

ಇಷ್ಟಾದ ಮೇಲೆ, ಮಠಕ್ಕೆ ನಡೆದುಕೊಳ್ಳುವ ಗೃಹಸ್ಥರ ವಿಷಯವು ಉಳಿಯಿತು. ಕಂಪನಿಯವರನ್ನು ನಿಂದಿಸುವಾಗ ಎಲ್ಲರ ಧ್ವನಿಯೂ ಏರುವುದು. ಆದರೆ ಊರಿನಲ್ಲಿ ನೂರಕ್ಕೆ ಮೂರು, ನೂರಕ್ಕೆ ಐದು ಎಂದು ಕೈಗಡ ಕೊಡುವವರು ಹೊರಗಿನಿಂದ ಬಂದವರಲ್ಲ. ಹೊಲವುಳ್ಳವರೇ ಕೊಡುವರು, ತಮ್ಮ ಹೊಲದ ಹತ್ತಿ ಬಿಡಿಸುವವಳಿಗೇ ಕೊಡುವರು, ಅವಳ ಕೂಲಿಯಲ್ಲಿಯೇ ಮುರಿದುಕೊಳ್ಳುವರು. ಅವರ ಹಣೆಯಲ್ಲಿ ವಿಭೂತಿಯುಂಟು, ಕೊರಳಲ್ಲಿ ಲಿಂಗವುಂಟು. ಶ್ರಾವಣದಲ್ಲಿ ದಾಸೋಹಕ್ಕೆ ಚೀಲಗಟ್ಟಲೆ ಅಕ್ಕಿಯನ್ನು ಕಳುಹುವರು. ಆ ಅಕ್ಕಿಯು ಬಂದ ದಾರಿಯನ್ನು ಕೇಳುವವರಿಲ್ಲ. ಲಕ್ಕಮ್ಮನವರು ಕೇಳಿದ್ದರು, ಗಂಡನನ್ನೇ ಕೇಳಿದ್ದರು, ಅದೂ ಜಂಗಮದಾಸೋಹಕ್ಕೆಂದು ತಂದ ಅಕ್ಕಿಯನ್ನು ಕುರಿತು. ದಾಸೋಹಕ್ಕೆಂದ ಮಾತ್ರಕ್ಕೆ ಅಕ್ಕಿ ಶುದ್ಧವಾಗುವುದೆಂದು ಆ ತಾಯಿಯು ಒಪ್ಪಲಿಲ್ಲ.

ಶರಣರ ಅಳತೆಯು ಬಹಳ ಎತ್ತರದ್ದು, ಸಂಸಾರಿಗಳಿಗೆ ಎಟುಕದು ಎನ್ನುವವರಿಗೆ ಕೆಳಗಿನ ಅಳತೆಯೊಂದೂ ಉಂಟು. ಹಣದ ಸಾಲದಲ್ಲಿ ಒಮ್ಮೆಗೆ ವಸೂಲಾಗುವ ಬಡ್ಡಿಯು ಅಸಲನ್ನು ಮೀರಬಾರದೆಂದು ಸ್ಮೃತಿಕಾರರೂ ಕಟ್ಟುಮಾಡಿದ್ದರು; ಕೋರ್ಟು ಕಚೇರಿಗಳಲ್ಲಿ ಅದು ದಾಮದುಪ್ಪಟವೆಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ನೂರಕ್ಕೆ ಐದರ ಸಾಲದಲ್ಲಿ ಇಪ್ಪತ್ತನೆಯ ತಿಂಗಳಿಗೆ ಬಡ್ಡಿಯು ಅಸಲನ್ನು ಮುಟ್ಟುವುದು. ನೂರಕ್ಕೆ ಮೂರಾದರೆ ಮೂವತ್ತನಾಲ್ಕನೆಯ ತಿಂಗಳಿಗೆ ಅದನ್ನು ದಾಟುವುದು. ರಾತ್ರಿ ಲಿಂಗಪೂಜೆಯಾದ ಮೇಲೆ ಮಾಡದಲ್ಲಿರುವ ಕೈಗಡದ ಪುಸ್ತಕವನ್ನು ತೆಗೆದು, ಅದರಲ್ಲಿರುವ ಹೆಸರುಗಳಲ್ಲಿ ಯಾರಾರಿಂದ ಆ ತಿಂಗಳು ದಾಟಿಹೋಗಿದೆಯೆಂದು ನೋಡುವುದಕ್ಕೆ ಒಂದು ಗಳಿಗೆಯೂ ಹಿಡಿಯದು.