ಅಜ್ಜಿಯ ಬೆನ್ನು, ಒಂದು ಅಕ್ಷರ

ಸಂಶೋಧನೆಯ ನೆಪದಲ್ಲಿ ನಾನು ಒಂದು ವರ್ಷ ಚೀನಾದ ನಾನ್‌ಜಿಂಗ್‌ನಲ್ಲಿದ್ದೆ. ಅಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಮೆಚ್ಚುಗೆ ಕೆಳಗಿನ ಮಹಡಿಯ ಮನೆಯಾಕೆಯದು. "ನಿನ್ನ ಅಕ್ಷರ ಥೇಟು ಮೂರನೇ ಕ್ಲಾಸಿನ ಮಕ್ಕಳ ಅಕ್ಷರದ ಹಾಗೇ ಇದೆ. ನೀನು ಬರೆದುಕೊಟ್ಟರೆ ಟೀಚರಿಗೆ ಅನುಮಾನವೇ ಬರುವುದಿಲ್ಲ" ಅಂದಿದ್ದರು. ನಾಲ್ಕು ವರ್ಷ ಚೀನೀ ಲಿಪಿ ತಿದ್ದಿದ್ದಕ್ಕೆ ಕೊನೆಗೂ ಒಂದು ಉಪಯೋಗ ಕಂಡಿತ್ತು.

ಅವರ ಮಗಳಿಗೆ ಒಂಬತ್ತು ವರ್ಷ. ಚೊಂಗ್‌ಯಾಂಗ್ ಹಬ್ಬದ ಬಗ್ಗೆ ಒಂದು 'ಶೋಚಾವ್‌ಬಾವ್' ಮಾಡಿಕೊಂಡು ಬರಲು ಶಾಲೆಯಲ್ಲಿ ಹೇಳಿದ್ದರು. ಅಮ್ಮನಿಗೆ ರಾತ್ರಿ ಪಾಳಿ, ಅಪ್ಪ ಬೇರೆ ಊರಿನಲ್ಲಿ ಕೆಲಸಕ್ಕಿದ್ದರು. ಹಾಗಾಗಿ ಆ ಸಂಜೆ ಹುಡುಗಿ ಬಣ್ಣದ ಪೆನ್ನುಗಳ ಡಬ್ಬಿ ಹಿಡಿದುಕೊಂಡು ನನ್ನ ಕೋಣೆಗೆ ಬಂದಳು.

ಶೋಚಾವ್‌ಬಾವ್ ಅಂದರೆ ಕೈಯಿಂದ ನಕಲು ಮಾಡಿದ ಪತ್ರಿಕೆ. ನಮ್ಮ ಶಾಲಾ ಕಾಲೇಜುಗಳ ಭಿತ್ತಿಪತ್ರಿಕೆಯ ದಾಯಾದಿ ಅನ್ನಬಹುದು. ಅಲ್ಲಿನ ಮಕ್ಕಳು ಹಬ್ಬ ಬಂದಾಗಲೆಲ್ಲ ಇದನ್ನು ಮಾಡುತ್ತಾರೆ. ಎ3ಗಿಂತ ತುಸು ಚಿಕ್ಕ ದಪ್ಪ ಹಾಳೆ, ಸುತ್ತ ಹೂಬಳ್ಳಿಯ ಅಂಚು, ಮೇಲೆ ದಪ್ಪಕ್ಷರದ ತಲೆಬರಹ, ಒಳಗೆ ಮೋಡದ ಆಕಾರದ್ದೋ ಎಲೆಯ ಆಕಾರದ್ದೋ ನಾಲ್ಕೈದು ಚೌಕಟ್ಟು, ಅವುಗಳೊಳಗೆ ಗೆರೆ ಎಳೆದು ಬರೆದ ಬರಹ. ಈ ಹೆಸರಿನ ನಡುವೆ ಇರುವ 'ಚಾವ್' ಎಂಬ ಅಕ್ಷರಕ್ಕೆ ನೋಡಿಕೊಂಡು ಬರೆಯುವುದು ಎಂದರ್ಥ. ಪಕ್ಕದವನ ಹೋಂವರ್ಕ್ ಕದ್ದು ಬರೆಯುವುದಕ್ಕೂ ಕೃತಿಚೌರ್ಯಕ್ಕೂ ಬಳಸುವುದು ಅದೇ ಅಕ್ಷರವನ್ನು. ಪಿಎಚ್‌.ಡಿ. ವಿದ್ಯಾರ್ಥಿಗೆ ಎದೆ ಝಲ್ಲೆನ್ನಿಸುವ ಅಕ್ಷರ.

ಮೊದಲ ಚೌಕಟ್ಟುಗಳು ಸಲೀಸಾಗಿ ತುಂಬಿದವು. ಹಬ್ಬ ಬರುವುದು ಚಾಂದ್ರಮಾನದ ಒಂಬತ್ತನೇ ತಿಂಗಳ ಒಂಬತ್ತನೇ ದಿನ. ಚೀನೀಯರಿಗೆ ಒಂಬತ್ತು 'ಯಾಂಗ್' ಸಂಖ್ಯೆ, ಅದು ಎರಡು ಸಲ ಬಂದಿದ್ದರಿಂದ ಚೊಂಗ್‌ಯಾಂಗ್. ಒಂಬತ್ತು-ಒಂಬತ್ತು ಎಂದು ಉಚ್ಚರಿಸಿದರೆ 'ಬಹುಕಾಲ' ಎಂಬ ಮಾತೂ ಕೇಳಿಸುತ್ತದೆ, ಹಾಗಾಗಿ ಇದು ದೀರ್ಘಾಯುಸ್ಸಿನ ಹಬ್ಬ. ಆ ದಿನ ಬೆಟ್ಟ ಹತ್ತಬೇಕು, ಝೂಯು ಗಿಡದ ರೆಂಬೆ ಮುಡಿಯಬೇಕು, ಸೇವಂತಿಗೆಯ ಮದ್ಯ ಕುಡಿಯಬೇಕು. ಬೆಟ್ಟವಿಲ್ಲದ ಬಯಲುಸೀಮೆಯವರು ಹಿಟ್ಟಿನ ಕೇಕು ತಿಂದರೂ ಸಾಕು, ಏಕೆಂದರೆ ಕೇಕಿಗೂ ಎತ್ತರಕ್ಕೂ ಒಂದೇ ಉಚ್ಚಾರ, 'ಗಾವ್'. ಇದನ್ನು ಕೇಳಿ ಹುಡುಗಿಗೆ ಬಹಳ ಖುಷಿಯಾಯಿತು. ಚೌಕಟ್ಟು ಮೀರಿ ಮೂರು ಅಂತಸ್ತಿನ ಕೇಕು ಬರೆದಳು. ಟಾಂಗ್ ಕಾಲದ ಕವಿ ವಾಂಗ್ ವೇಯ್ ಹದಿನೇಳನೇ ವಯಸ್ಸಿನಲ್ಲಿ ಮನೆಯಿಂದ ದೂರವಿದ್ದು ಈ ಹಬ್ಬದ ದಿನ ಬರೆದ ಪದ್ಯ ಆಕೆಗೆ ಬಾಯಿಪಾಠವಿತ್ತು. ಅಣ್ಣತಮ್ಮಂದಿರೆಲ್ಲ ಬೆಟ್ಟ ಹತ್ತುವಾಗ ಅಲ್ಲಿ ಒಬ್ಬ ಕಡಿಮೆ ಎಂದು ಕಲ್ಪಿಸಿಕೊಳ್ಳುವ ಪದ್ಯ ಅದು. ನನ್ನ ಸಹಾಯವಿಲ್ಲದೆ ಬರೆದಳು.

ಕೊನೆಯ ಚೌಕಟ್ಟಿನದೇ ತೊಡಕು. ಈಗ ಚೊಂಗ್‌ಯಾಂಗ್ ಕಾನೂನಿನ ಪ್ರಕಾರ ಹಿರಿಯರ ದಿನವೂ ಹೌದು. 2013ರ ಜುಲೈಯಲ್ಲಿ ಜಾರಿಗೆ ಬಂದ ತಿದ್ದುಪಡಿಯಾದ ಕಾಯ್ದೆಯೇ ಅದನ್ನು ಹಾಗೆ ಘೋಷಿಸಿತು. ಬೇರೆ ಕಡೆ ವಾಸವಿರುವ ಮಕ್ಕಳು ವಯಸ್ಸಾದವರನ್ನು ಆಗಾಗ ನೋಡಲು ಹೋಗಬೇಕು, ಇಲ್ಲವೇ ವಿಚಾರಿಸಿಕೊಳ್ಳಬೇಕು ಎಂಬ ಮಾತೂ ಅದೇ ಕಾಯ್ದೆಯಲ್ಲಿದೆ. ತಮಾಷೆಯೆಂದರೆ ಚಿಂಗ್‌ಮಿಂಗ್‌ಗೆ, ಡ್ರ್ಯಾಗನ್ ದೋಣಿಯ ಹಬ್ಬಕ್ಕೆ, ಶರತ್ಕಾಲದ ಹುಣ್ಣಿಮೆಗೆ ಸಾರ್ವಜನಿಕ ರಜೆಯಿದೆ, ಚೊಂಗ್‌ಯಾಂಗ್‌ಗೆ ಇಲ್ಲ. ಸತ್ತ ಹಿರಿಯರ ಸಮಾಧಿ ಗುಡಿಸಲು ರಜೆ ಸಿಗುತ್ತದೆ, ಬದುಕಿರುವವರನ್ನು ನೋಡಲು ಸಿಗುವುದಿಲ್ಲ.

ಆ ಚೌಕಟ್ಟಿನಲ್ಲಿ 'ನಾನು ಹಿರಿಯರಿಗಾಗಿ ಏನು ಮಾಡಿದೆ' ಎಂದು ಬರೆಯಬೇಕಿತ್ತು. ಅಮ್ಮ ಫೋನಿನಲ್ಲಿ ಒಂದು ಮಾದರಿಯನ್ನು ಕಳಿಸಿದ್ದರು. ಇಂಥವು ಅಲ್ಲಿ ರಾಶಿರಾಶಿ ಸಿಗುತ್ತವೆ. ನಾನು ಅದನ್ನು ನೋಡಿಕೊಂಡು, ಆಕೆ ಮೇಲೆ ತಿದ್ದಲಿ ಎಂದು, ಪೆನ್ಸಿಲಿನಲ್ಲಿ ತೆಳುವಾಗಿ ಬರೆದೆ: ನಾನು ಅಜ್ಜಿಯ ಬೆನ್ನು ಒತ್ತಿದೆ.

"ಅಕ್ಕ, ಅಜ್ಜಿ ಹಳ್ಳಿಯಲ್ಲಿದ್ದಾಳೆ" ಅಂದಳು ಹುಡುಗಿ.

ಹಳ್ಳಿ ಆನ್‌ಹುಯಿ ಪ್ರಾಂತದ ಉತ್ತರಕ್ಕಿದೆ. ಅವರು ಹೋಗಿದ್ದು ಹೊಸವರ್ಷಕ್ಕೆ. ಇದು ಅಕ್ಟೋಬರ್.

"ಪರವಾಗಿಲ್ಲ, ಇದು ಪೋಸ್ಟರಿಗೆ ಅಷ್ಟೇ" ಅಂದೆ ನಾನು.

ಹಾಗಂದದ್ದು ತಪ್ಪೇ ಎಂದು ಅಂದಿನಿಂದಲೂ ಯೋಚಿಸುತ್ತಿದ್ದೇನೆ.

ತಪ್ಪಲ್ಲ ಎನ್ನಲು ಒಳ್ಳೆಯ ಕಾರಣಗಳಿವೆ. ಅಕ್ಷರವನ್ನು ನಾವೆಲ್ಲ ಕಲಿತದ್ದು ಇನ್ನೊಬ್ಬರು ಬರೆದಿದ್ದರ ಮೇಲೆ ತಿದ್ದಿಯೇ. ಚೀನೀ ಮಕ್ಕಳೂ ಕೆಂಪು ಅಚ್ಚಿನ ಮೇಲೆ ಕಪ್ಪು ಶಾಯಿಯಲ್ಲಿ ತಿದ್ದುತ್ತಾರೆ. ಒಳ್ಳೆಯತನವೂ ಹೀಗೆಯೇ ಬರುತ್ತದೆ ಎಂದು ವಾದಿಸಿದವನು ಕ್ರಿಸ್ತಪೂರ್ವ ಮೂರನೇ ಶತಮಾನದ ಷುನ್‌ತ್ಸು. ಮನುಷ್ಯನ ಸ್ವಭಾವದಲ್ಲಿ ಒಳ್ಳೆಯತನವಿಲ್ಲ, ಅದು 'ವೇಯ್', ಅಂದರೆ ಪ್ರಯತ್ನಪಟ್ಟು ಮಾಡಿಕೊಂಡದ್ದು ಎಂದ. ಮೊದಲು ಆಚಾರ, ಅದನ್ನು ಮಾಡುತ್ತ ಮಾಡುತ್ತ ಭಾವ. ಇವತ್ತಿನ ಚೀನೀ ಭಾಷೆಯಲ್ಲಿ ಅದೇ 'ವೇಯ್' ಅಕ್ಷರಕ್ಕೆ ಖೋಟಾ ಎಂದರ್ಥ. ನಮ್ಮ 'ಕೃತಕ'ಕ್ಕೂ ಆದದ್ದು ಇದೇ. ಮಾಡಿದ್ದು ಎಂಬ ಪದ ಸುಳ್ಳು ಎಂಬ ಪದವಾಯಿತು. ಷುನ್‌ತ್ಸು ಕೇಳಿದರೆ, ಬರೆಯಲಿ ಬಿಡು, ಇವತ್ತು ಬರೆದವಳು ನಾಳೆ ಒತ್ತುತ್ತಾಳೆ ಎನ್ನಬಹುದಿತ್ತು.

ಇನ್ನೊಂದು ವಾದವೂ ಇದೆ. ಎಲ್ಲರಿಗೂ ಗೊತ್ತಿರುವ ಸುಳ್ಳು ಸುಳ್ಳೇ ಅಲ್ಲ. ಮದುವೆ ಕಾಗದದಲ್ಲಿ 'ಆಗಮನಾಭಿಲಾಷಿಗಳು' ಎಂದು ಹೆಸರು ಹಾಕಿಸಿಕೊಂಡ ದೊಡ್ಡಪ್ಪನಿಗೆ ನಮ್ಮ ಆಗಮನದ ಅಭಿಲಾಷೆ ಎಷ್ಟಿದೆ ಎಂದು ಯಾರೂ ಅಳೆಯುವುದಿಲ್ಲ. ಈ ಪೋಸ್ಟರುಗಳಲ್ಲಿ ಅರ್ಧಕ್ಕರ್ಧ ದೊಡ್ಡವರ ಕೈವಾಡ ಎಂಬುದು ಟೀಚರುಗಳಿಗೂ ಗೊತ್ತು, ಸರ್ಕಾರಕ್ಕೂ ಗೊತ್ತು. 2021ರ ಜುಲೈಯಲ್ಲಿ ಮಕ್ಕಳ ಹೊರೆ ಇಳಿಸಲು ಹೊರಡಿಸಿದ ಆದೇಶದಲ್ಲಿ, ತಂದೆತಾಯಿಗೆ ನೇರವಾಗಿಯಾಗಲೀ ಬೇರೆ ರೂಪದಲ್ಲಾಗಲೀ ಹೋಂವರ್ಕ್ ಕೊಡಕೂಡದು ಎಂದು ಬರೆಯಬೇಕಾಗಿ ಬಂತೆಂದರೆ ಕೊಡುತ್ತಿದ್ದರು ಎಂದೇ ಅರ್ಥ.

ಆದರೆ ಸಂಪ್ರದಾಯದ ಮಾತು ಸುಳ್ಳಾಗದೆ ಇರುವುದು ಅದು ಸಂಪ್ರದಾಯ ಎಂದು ಇಬ್ಬರಿಗೂ ಗೊತ್ತಿದ್ದಾಗ. ಹುಡುಗಿಗೆ ಅದು ಗೊತ್ತಿರಲಿಲ್ಲ. 'ನೀನು ಏನು ಮಾಡಿದೆ' ಎಂದು ಕೇಳಿದ್ದಾರೆ, ಮಾಡಿಲ್ಲ, ಮಾಡಿದೆ ಎಂದು ಬರೆಯುವುದು ಹೇಗೆ ಎಂಬುದು ಆಕೆಯ ಪ್ರಶ್ನೆ. ಇದು ಸುಳ್ಳಲ್ಲ, ಲೋಕರೂಢಿ ಎಂದು ಅವಳಿಗೆ ಮೊದಲ ಸಲ ಹೇಳಿಕೊಟ್ಟವಳು ನಾನು.

ನನ್ನ ಪ್ರಬಂಧದ ಎಷ್ಟೋ ವಾಕ್ಯಗಳನ್ನು ಗೈಡ್ ತಿದ್ದಿದ್ದಾರೆ. ಕೆಲವನ್ನು ಪೂರ್ತಿ ಅವರೇ ಬರೆದಿದ್ದಾರೆ. ಅವುಗಳ ಬಗ್ಗೆ ನನಗೆ ಯಾವತ್ತೂ ಅಳುಕಾಗಿಲ್ಲ, ಯಾಕೆಂದರೆ ವೈವಾದಲ್ಲಿ ಯಾರಾದರೂ ಕೇಳಿದರೆ ಆ ಮಾತಿನ ಪರವಾಗಿ ನಿಲ್ಲಬಲ್ಲೆ. ಹೂಬಳ್ಳಿಯ ಅಂಚನ್ನು ನಾನು ಬರೆದುಕೊಟ್ಟಿದ್ದರೂ, ಕೇಕಿಗೆ ಬಣ್ಣ ತುಂಬಿದ್ದರೂ, ಇಡೀ ಹಾಳೆಯನ್ನು ನನ್ನ ಮೂರನೇ ಕ್ಲಾಸಿನ ಅಕ್ಷರದಲ್ಲಿ ತುಂಬಿಸಿದ್ದರೂ ಅದು ಸಣ್ಣ ಮೋಸ. ಅಂಕದ ಲೆಕ್ಕದ ಮೋಸ. ಆದರೆ ಆ ಒಂದು ಸಾಲಿನಲ್ಲಿ ನಾನು ಆಕೆಯ ಹೆಸರಿನಲ್ಲಿ ಸಾಕ್ಷಿ ಹೇಳಿದ್ದೆ. ಕೈ ಕೊಡುವುದು ಬೇರೆ, ಬಾಯಿ ಕೊಡುವುದು ಬೇರೆ ಅನ್ನಿಸುತ್ತದೆ.

ಇದು ನನಗೆ ಚುಚ್ಚಲು ಇನ್ನೂ ಒಂದು ಕಾರಣವಿದೆ. ತೀರ್ಥಹಳ್ಳಿ ಹತ್ತಿರದ ಮನೆಯಲ್ಲಿ ನನ್ನ ಅಜ್ಜಿಯಿದ್ದಾರೆ. ಭಾನುವಾರ ವಿಡಿಯೋ ಕರೆಯಲ್ಲಿ "ಯಾವಾಗ ಬರ್ತೀಯೇ?" ಅನ್ನುತ್ತಿದ್ದರು. "ಬೇಗ ಬರ್ತೀನಿ ಅಜ್ಜಿ" ಅನ್ನುತ್ತಿದ್ದೆ. ವೀಸಾ ಮುಗಿಯಲು ಇನ್ನೂ ಎಂಟು ತಿಂಗಳಿತ್ತು, ಅದು ಅವರಿಗೂ ಗೊತ್ತಿತ್ತು. ನಾವಿಬ್ಬರೂ ಆ ಮಾದರಿ ವಾಕ್ಯವನ್ನು ವಾರಕ್ಕೊಮ್ಮೆ ತಿದ್ದುತ್ತಿದ್ದೆವು.

ಹುಡುಗಿ ಮಾತಾಡದೆ ಪೆನ್ಸಿಲಿನ ಸಾಲಿನ ಮೇಲೆ ಪೆನ್ನು ಓಡಿಸಿದಳು. ಮರುದಿನ ಬೆಳಿಗ್ಗೆ ಹಾಳೆ ಸುರುಳಿ ಸುತ್ತುವಾಗ ನೋಡಿದೆ. ವಾಕ್ಯದ ನಡುವೆ ಒಂದು ಅಕ್ಷರದಷ್ಟು ಜಾಗ ಖಾಲಿಯಿತ್ತು, ರಬ್ಬರಿನಿಂದ ಉಜ್ಜಿದ ಗುರುತಿತ್ತು. ಚೀನೀ ಭಾಷೆಯಲ್ಲಿ ಕ್ರಿಯಾಪದಕ್ಕೆ ಕಾಲದ ಪ್ರತ್ಯಯವಿಲ್ಲ. ಕೆಲಸ ಆಗಿಹೋಯಿತು ಎಂದು ತೋರಿಸಲು ಕ್ರಿಯಾಪದದ ಹಿಂದೆ 'ಲ' ಎಂಬ ಎರಡೇ ಗೆರೆಯ ಒಂದು ಅಕ್ಷರ ಸೇರಿಸುತ್ತಾರೆ. ಅದನ್ನು ಆಕೆ ಅಳಿಸಿದ್ದಳು. ಈಗ ಅದು 'ನಾನು ಅಜ್ಜಿಯ ಬೆನ್ನು ಒತ್ತುತ್ತೇನೆ' ಎಂದಾಗಿತ್ತು. ಯಾವಾಗ ಎಂದು ಹೇಳುತ್ತಿರಲಿಲ್ಲ.

ಪೋಸ್ಟರ್ ಕ್ಲಾಸಿನ ಹಿಂಬದಿಯ ಗೋಡೆಯಲ್ಲಿ ಒಂದು ತಿಂಗಳಿದ್ದು ಮನೆಗೆ ವಾಪಸು ಬಂತು. ಮೂಲೆಯಲ್ಲಿ ಕೆಂಪು ನಕ್ಷತ್ರವಿತ್ತು. ಖಾಲಿ ಬಿಟ್ಟ ಜಾಗದಲ್ಲಿ ಟೀಚರು ಕೆಂಪು ಪೆನ್ನಿನಿಂದ, ಬಹಳ ಚೆಂದದ ಅಕ್ಷರದಲ್ಲಿ, ಆ ಎರಡು ಗೆರೆಗಳನ್ನು ತುಂಬಿದ್ದರು. ಹುಡುಗಿ ಅದನ್ನು ನನಗೆ ತೋರಿಸಿದಳು. ಆಮೇಲೆ ಹಾಳೆ ತಿರುಗಿಸಿ, ಹಿಂದೆ ಖಾಲಿ ಇದೆಯಲ್ಲ, ಚಿತ್ರ ಬರೆಯಲೇ ಎಂದು ಕೇಳಿದಳು.