ಮೂರು ಹಾಡುಗಳ ನಡುವೆ ಒಂದು ಹೆಸರು

‘ದ ಪವರ್ ಆಫ್ ಲವ್’ ಎಂಬ ಹೆಸರಿನ ಮೂರು ಹಾಡುಗಳು ಒಂದು ವರ್ಷದೊಳಗೇ ಹುಟ್ಟಿಕೊಂಡವು. 1984ರ ಕೊನೆಯಲ್ಲಿ ಲಿವರ್‌ಪೂಲಿನ ಫ್ರಾಂಕಿ ಗೋಸ್ ಟು ಹಾಲಿವುಡ್ ತಂಡದ್ದೊಂದು. ಹೆಚ್ಚುಕಡಿಮೆ ಅದೇ ಹೊತ್ತಿಗೆ ನ್ಯೂಯಾರ್ಕ್ ಮೂಲದ ಜೆನಿಫರ್ ರಷ್ ಜರ್ಮನಿಯಲ್ಲಿ ಹಾಡಿದ್ದು ಇನ್ನೊಂದು. 1985ರಲ್ಲಿ ‘ಬ್ಯಾಕ್ ಟು ದ ಫ್ಯೂಚರ್’ ಚಿತ್ರಕ್ಕಾಗಿ ಹ್ಯೂಯಿ ಲೂಯಿಸ್ ಅಂಡ್ ದ ನ್ಯೂಸ್ ತಂಡ ಕಟ್ಟಿದ್ದು ಮತ್ತೊಂದು. ಧಾಟಿ ಬೇರೆ, ಸಾಹಿತ್ಯ ಬೇರೆ, ಬರೆದವರು ಬೇರೆ. ಇದರಲ್ಲಿ ಕದ್ದ ಮಾತೇನೂ ಇಲ್ಲ. ಬರಿಯ ಶೀರ್ಷಿಕೆಗೆ ಅಮೆರಿಕದ ಕಾನೂನು ಕೃತಿಸ್ವಾಮ್ಯ ಕೊಡುವುದಿಲ್ಲ, ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಆದರೆ ಪ್ರೇಮದ ಶಕ್ತಿ ಎಂದು ಬಾಯಲ್ಲಿ ಅಂದಮೇಲೆ, ಅದು ಏನು ಮಾಡುವ ಶಕ್ತಿ ಎಂಬುದಕ್ಕೆ ಉತ್ತರ ಕೊಡದೆ ವಿಧಿಯಿಲ್ಲ. ಮೂವರ ಉತ್ತರಗಳೂ ಒಂದನ್ನೊಂದು ಹೋಲುವುದಿಲ್ಲ.

ಫ್ರಾಂಕಿ ತಂಡದ ‘ರಿಲ್ಯಾಕ್ಸ್’ ಹಾಡನ್ನು 1984ರ ಜನವರಿಯಲ್ಲಿ ಬಿಬಿಸಿ ನಿಷೇಧಿಸಿತ್ತು. ಅದರ ಕಾಮುಕತೆ ಸಹಿಸಲಾಗದ್ದು ಎನ್ನುವುದು ಕಾರಣ. ಅದೇ ವರ್ಷದ ಡಿಸೆಂಬರಿನಲ್ಲಿ ಅದೇ ತಂಡ ಪ್ರಾರ್ಥನೆಯಂಥ ಹಾಡಿನೊಂದಿಗೆ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೆ ಬಂತು. ವಿಡಿಯೊದಲ್ಲಿ ಯೇಸುವಿನ ಜನನ. ಸಾಹಿತ್ಯದಲ್ಲಿ ಕ್ರಿಸ್‌ಮಸ್ಸಿನ ಸುಳಿವೂ ಇಲ್ಲ. ಆದರೂ ಜನ ಅದನ್ನು ಹಬ್ಬದ ಹಾಡಾಗಿ ಮಾಡಿಕೊಂಡರು. ಇಲ್ಲಿ ಪ್ರೇಮ ಮೇಲಿನಿಂದ ಇಳಿದು ಬರುತ್ತದೆ, ಆತ್ಮವನ್ನು ತೊಳೆಯುತ್ತದೆ, ನಲ್ಲನ ಬಾಗಿಲಿಗೆ ಕೇಡು ಬಾರದಂತೆ ಕಾಯುತ್ತದೆ. ಹಾಡಿದ ಹಾಲಿ ಜಾನ್ಸನ್ ತಮಗೆ ಎಚ್‌ಐವಿ ಇರುವುದನ್ನು 1993ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಆ ಕಾಲದಲ್ಲಿ ಹಾಗೆ ಹೇಳುವುದಕ್ಕೆ ಎಂಥ ಎದೆಗಾರಿಕೆ ಬೇಕಿತ್ತು! ಇದನ್ನು ತಿಳಿದು ಕೇಳಿದಾಗ, ಕಾಯುವೆನೆಂಬ ಆ ಮಾತು ನನಗೆ ಹುಡುಗಾಟದ ಭರವಸೆಯಾಗಿ ಕೇಳಿಸುವುದಿಲ್ಲ.

ಹ್ಯೂಯಿ ಲೂಯಿಸ್ ಪ್ರೇಮವನ್ನು ಬೀದಿಗೆ ತರುತ್ತಾರೆ. ದುಡ್ಡು ಬೇಡ, ಹೆಸರು ಬೇಡ, ಕೆಟ್ಟವನನ್ನೂ ಒಳ್ಳೆಯವನಾಗಿಸಬಲ್ಲದು ಎನ್ನುವ ನಂಬಿಕೆ ಅವರದು. ಆ ಹುರುಪಿನಲ್ಲೇ, ಮೊದಲ ಸಲ ಅದು ನೋವನ್ನೂ ತಂದೀತು ಎಂದು ಎಚ್ಚರಿಸುತ್ತಾರೆ. ಕುಣಿಸುವ ತಾಳದ ನಡುವೆ ಈ ಮಾತು ಹೆಚ್ಚಿನವರ ಕಿವಿಗೆ ಬೀಳುವುದೇ ಇಲ್ಲ.

ನನ್ನನ್ನು ಹೆಚ್ಚು ಕಾಡುವುದು ಜೆನಿಫರ್ ರಷ್ ಹಾಡು. ಅದರ ಪಲ್ಲವಿಯಲ್ಲಿ ಶೀರ್ಷಿಕೆಯ ಮಾತೇ ಇಲ್ಲ. ದೇವರನಾಮಗಳನ್ನು ನಾವು ಪಲ್ಲವಿಯಿಂದಲೇ ಗುರುತಿಸುತ್ತೇವೆ; ಆ ಲೆಕ್ಕದಲ್ಲಿ ಇದಕ್ಕೆ ಬೇರೆಯೇ ಹೆಸರು ಬರಬೇಕಿತ್ತು. ನಾನು ನಿನ್ನವಳು ಎಂಬ ಪಲ್ಲವಿಯ ದೃಢತೆ ದಾಟಿ, ದನಿ ಅರಿಯದ ಜಾಗಕ್ಕೆ ಕಾಲಿಡುವಾಗ ಆ ಪದಗಳು ಬರುತ್ತವೆ, ಅಂಜಿಕೆಯ ಬೆನ್ನಿಗೇ. ಅವಳು ಆ ಶಕ್ತಿಯನ್ನು ಪಡೆದವಳಲ್ಲ, ಹೆದರುತ್ತಲೇ ಕಲಿಯಲು ಹೊರಟವಳು. ಹಾಡು ಬರೆದವರು ಜನ ಗುನುಗುವ ಸಾಲನ್ನು ಬಿಟ್ಟು ಈ ಅಂಜಿಕೆಯ ಪಕ್ಕದ ಪದಗಳನ್ನೇ ಹೆಸರಾಗಿಸಿದ್ದು ಸಣ್ಣ ವಿಷಯವಲ್ಲ. ಉಳಿದ ಎರಡು ಹಾಡುಗಳಿಗೆ ಪ್ರೇಮ ಏನು ಮಾಡುತ್ತದೆಂದು ಗೊತ್ತಿದೆ. ಇದಕ್ಕೆ ಗೊತ್ತಿಲ್ಲ, ಅದಕ್ಕೇ ಆ ಹೆಸರು ಇದಕ್ಕೇ ಹೆಚ್ಚು ಒಪ್ಪುತ್ತದೆ ಎನ್ನುತ್ತೇನೆ.

1985ರ ಅಕ್ಟೋಬರಿನಿಂದ ಬ್ರಿಟನ್ ಇದನ್ನು ಐದು ವಾರ ಮೊದಲ ಸ್ಥಾನದಲ್ಲಿಟ್ಟಿತು. ಅಲ್ಲಿ ಹತ್ತು ಲಕ್ಷ ಪ್ರತಿ ಮಾರಾಟವಾದ ಮೊದಲ ಏಕಗಾಯಕಿಯ ಸಿಂಗಲ್ ಇದೇ. ಗಾಯಕಿಯ ತಾಯ್ನಾಡಾದ ಅಮೆರಿಕದಲ್ಲಿ ಅದು 57ನೇ ಸ್ಥಾನ ದಾಟಲಿಲ್ಲ. ಅದೇ ಹಾಡನ್ನು ಸೆಲೀನ್ ಡಿಯಾನ್ ಹಾಡಿದ ಮೇಲೆ, 1994ರಲ್ಲಿ, ಅಮೆರಿಕ ತಲೆಯ ಮೇಲಿಟ್ಟುಕೊಂಡಿತು. ಡಿಯಾನ್ ದನಿಯಲ್ಲಿ ಅಂಜಿಕೆ ಕಡಿಮೆ, ಗೆಲುವು ಹೆಚ್ಚು; ಕಲಿಯಲು ಹೊರಟವಳು ಆಗಲೇ ಕಲಿತು ಬಂದಂತಿದೆ. ಹೆಸರು, ಧಾಟಿ, ಸಾಹಿತ್ಯ ಎಲ್ಲವೂ ಒಂದೇ ಆದರೂ ಅದನ್ನು ನಾನು ನಾಲ್ಕನೆಯ ಹಾಡೆಂದೇ ಎಣಿಸುತ್ತೇನೆ.