ದೇವರ ಕೆಲಸ ಅಂದ್ರೆ ರಿಯಾಯಿತಿನಾ?

ನನ್ನ ಆಫೀಸಿನ ಗೆಳೆಯನೊಬ್ಬ ಕ್ರೈಸ್ತ. ಇಂಗ್ಲಿಷ್ ಭಕ್ತಿಗೀತೆಗಳ ಟ್ಯೂನಿಗೆ ಕನ್ನಡದ ಪದ ತುರುಕಿ ಯೂಟ್ಯೂಬಿಗೆ ಹಾಕ್ತಾನೆ. ಹಾಡು ಒಂದು ಕಡೆ, ತಾಳ ಇನ್ನೊಂದು ಕಡೆ. ಕೇಳಿದ್ರೆ, “ದೇವರ ಕೆಲಸ ಕಣೋ, ಮನಸ್ಸು ಮುಖ್ಯ” ಅಂತಾನೆ.

ನಾನು ಮಂಡ್ಯ ಕಡೆ ದುದ್ದದವನು; ಈ ಮಾತು ನನಗೆ ಗಂಟಲಲ್ಲಿ ಇಳಿಯೋದಿಲ್ಲ. ನಮ್ಮ ಕಡೆ ಕುರುಕ್ಷೇತ್ರ ನಾಟಕದಲ್ಲಿ ಕೃಷ್ಣ ಶ್ರುತಿ ತಪ್ಪಿದರೆ, ದೇವರ ವೇಷ ಅಂತ ಯಾರೂ ಬಿಡಲ್ಲ. ಮೊದಲು ಗುರಾಯಿಸೋದೇ ಹಾರ್ಮೋನಿಯಂ ಮೇಷ್ಟ್ರು.

ಅವನ ಧರ್ಮದಲ್ಲೇ ಇದಕ್ಕೆ ದೊಡ್ಡ ಉತ್ತರ ಇದೆ. ಬಾಸೆಲ್ ಮಿಷನ್ನಿನ ಕಿಟೆಲ್ 1853ರಲ್ಲಿ ಜರ್ಮನಿಯಿಂದ ಬಂದರು. ಯೇಸುವಿನ ಕಥೆ ಹೇಳೋಕೆ ತಮ್ಮೂರಿನ ಧಾಟಿ ಹೊತ್ತು ತರಲಿಲ್ಲ. 1862ರ ‘ಕಥಾಮಾಲೆ’ಯನ್ನು ಇಲ್ಲಿನ ಛಂದಸ್ಸಿನಲ್ಲೇ ಬರೆದರು. ಅಷ್ಟಕ್ಕೇ ನಿಲ್ಲದೆ, ಛಂದಸ್ಸನ್ನು ಬುಡದಿಂದ ಹಿಡಿದು 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ನಾಗವರ್ಮನಿಂದ ಒಬ್ಬ ಪಾದ್ರಿಗೆ ಆಗಬೇಕಾದದ್ದೇನು, ಹೇಳಿ?

ಮತಪ್ರಚಾರಕ್ಕೆ ಬಂದವರಿಗೆ ಛಂದಸ್ಸು ಬರೀ ಗಾಳ ಆಗಿತ್ತಲ್ವಾ ಅಂತ ನೀವು ಕೇಳಬಹುದು. ನ್ಯಾಯವಾದ ಅನುಮಾನವೇ. ಪ್ರಚಾರದ ಉದ್ದೇಶ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಮೀನು ಹಿಡಿಯೋಕೆ ಬಂದವನು ಇಡೀ ಕೆರೆಯ ಹೂಳೆತ್ತುತ್ತಾ ಕೂತರೆ ಅವನನ್ನು ಏನನ್ನೋದು? ಕಿಟೆಲ್ ಕೋಶ ಹೊರಬಂದದ್ದು 1894ರಲ್ಲಿ, ಸುಮಾರು 70,000 ಪದಗಳೊಂದಿಗೆ. ಹಳೆಯ ಕಾವ್ಯದ ಪದ, ಗಾದೆ, ಹಳ್ಳಿಯ ಮಾತು ಎಲ್ಲವೂ ಅದರಲ್ಲಿವೆ. ಯೇಸು ಬೇಡ ಅನ್ನೋರೂ ಇವತ್ತಿಗೂ ಪದ ಸಿಗದಿದ್ದಾಗ ಅದನ್ನೇ ತೆರೀತಾರೆ.